ನಿಂಬೆಗಿಡದ ಪಾಲಿನ ಬಿಸಿಲು

ಭಾಲ್ಕಿ, 9 ಜನವರಿ 1949, ಭಾನುವಾರ

ಸ್ನಾನ, ಲಿಂಗಪೂಜೆ ಮುಗಿಸಿ ಹಿತ್ತಲಿಗೆ ಹೋದೆ. ತಮ್ಮ ಹಾವಗೆಪ್ಪನ ಗೋಡೆ ಮತ್ತೆ ಏರಿದೆ. ಆಚೆ ಕುಲಸುಮಬೀ ಅಂಗಳ, ನಿಂಬೆಗಿಡ. ಕಳೆದ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂದ ಪೊಲೀಸ್ ಆಕ್ಷನ್ ವಾರದಲ್ಲಿ ಹೊರಗೆ ಹೋದ ಗಂಡ ಉಸ್ಮಾನ ಮಿಯಾ ಮರಳಲಿಲ್ಲ. ಆಕೆಯ ಹೊಟ್ಟೆಪಾಡು ಆ ಗಿಡದ ಉಪ್ಪಿನಕಾಯಿ. ಗೋಡೆ ಗಿಡಕ್ಕೆ ದಕ್ಷಿಣಕ್ಕೆ; ಚಳಿಗಾಲದ ಸೂರ್ಯನೂ ದಕ್ಷಿಣಕ್ಕೇ. ಇಡೀ ದಿನ ನೆರಳು.

"ಏನ್ ಮಾಡೀನಿ ಅಣ್ಣಾ? ಒಂದ್ ಎಲಿ ಹರದೀನೇನು?" ಹಾವಗೆಪ್ಪ ಕೇಳಿದ.

ಹರಿದಿಲ್ಲ. ಅದೇ ಅವನ ಜಾಣತನ.

"ಗೋಡಿ ಇಳಸು."

"ರಜಾಕಾರರು ನಮ್ಮ ಅಂಗಡಿ ಸುಟ್ಟಾಗ ಯಾವ ಗಿಡ ಅತ್ತಿತ್ತು?"

ಮರೆತಿಲ್ಲ. ಬೆಂಕಿ ಹಚ್ಚಿದ ಆ ನಿಜಾಮನ ದಳದವರ ಮುಖ ಒಂದೊಂದೂ ನೆನಪಿದೆ. ಅವರಲ್ಲಿ ಉಸ್ಮಾನ ಇರಲಿಲ್ಲ.

20 ಫೆಬ್ರವರಿ

ಎಲೆ ಉದುರುತ್ತಿವೆ. ಹೂವಿಲ್ಲ. "ನೀರದ, ಗೊಬ್ಬರದ, ಮತ್ತೇನ್ ಬೇಕು?" ಅನ್ನುತ್ತದೆ ಗಲ್ಲಿ. ಗೊಬ್ಬರವೇ ಊಟ ಅಂದುಕೊಂಡ ಮಂದಿ! ಊಟ ಬೇಯುವುದು ಎಲೆಯಲ್ಲಿ. ಬೇರಿನ ನೀರು, ಎಲೆಯ ಸಣ್ಣ ರಂಧ್ರಗಳಿಂದ ಬಂದ ಗಾಳಿ — ಎರಡನ್ನೂ ಕೂಡಿಸಿ ಸಕ್ಕರೆ ಮಾಡಲು ಎಲೆಯ ಹಸಿರು ಬಿಸಿಲಿನ ಬಲ ಹಿಡಿಯುತ್ತದೆ. ಉಳಿದದ್ದು ಗಂಜಿಯಾಗಿ ಕೂಡುತ್ತದೆ. ಹೂವು, ಕಾಯಿ ಎಲ್ಲ ಅದರಿಂದ. ಹೈದರಾಬಾದಿನಲ್ಲಿ ಉರ್ದುವಿನಲ್ಲಿ ಓದಿದ್ದು. ಕನ್ನಡದಲ್ಲಿ ಹೇಳಹೋದರೆ ಬೈಗುಳವೇ ಬರುತ್ತದೆ.

ಬೀದರಿನಿಂದ ಸ್ಪಿರಿಟ್, ಟಿಂಚರ್ ಅಯೋಡಿನ್ ತಂದೆ. ಗಂಜಿ ತಾಗಿದರೆ ಟಿಂಚರ್ ನೀಲಿಯಾಗುತ್ತದೆ.

27 ಫೆಬ್ರವರಿ, ಸಂಜೆ

ಕುಲಸುಮಬೀ ಅಂಗಳದಲ್ಲಿ, ಪಂಚರ ಮುಂದೆ ಎರಡು ಎಲೆ. ಒಂದು ಗೋಡೆ ದಾಟಿದ ತುದಿಕೊಂಬೆಯದು, ಒಂದು ನೆರಳಿನದು. ಸ್ಪಿರಿಟ್‌ನಲ್ಲಿ ಕಾಸಿ ಹಸಿರು ತೆಗೆದು, ಟಿಂಚರ್ ಬಿಟ್ಟೆ. ಬಿಸಿಲಿನ ಎಲೆ ಕಡುನೀಲಿ — ಗಂಜಿ ಇದೆ. ನೆರಳಿನದು ಬರೀ ಹಳದಿ.

"ಇದು ಹಸಿದದ ನೋಡ್ರಿ," ಅಂದೆ.

ಹಿರಿಯ ಮನ್ಮಥಪ್ಪ ಕನ್ನಡಕ ಸರಿಸಿದ. "ಮಾಸ್ತರ್, ತರೂವಾಗ ಎರಡೂ ಹಸರೇ ಇದ್ದವಲ್ರಿ. ಕುದಿಸಿದವ್ರು ನೀವು."

ನಕ್ಕರು. ಹಾವಗೆಪ್ಪನದೇ ದೊಡ್ಡ ನಗು.

ಬಾಗಿಲ ಹಿಂದಿನಿಂದ ಕುಲಸುಮಬೀ: "ಬಿಡ್ರಿ ಭಾಯಿಸಾಬ್. ಗಿಡದ ಸಲುವಾಗಿ ಮನಿ ಸುಡೂದು ಬ್ಯಾಡ."

'ಯಾರೂ ಸುಡೂದಿಲ್ಲ' ಅಂತ ಆಕೆಗೆ ಒಬ್ಬರೂ ಹೇಳಲಿಲ್ಲ.

24 ಏಪ್ರಿಲ್

ಕುಲಸುಮಬೀ ಔರಾದಿಗೆ ಹೋದಳು, ಮಗಳ ಮನೆಗೆ. ಮನೆ ಮಾರಿದಳು. ಕೊಂಡವನು ಯಾರೆಂದು ಕೇಳುವ ಅಗತ್ಯವಿರಲಿಲ್ಲ.

12 ಜೂನ್

ಹಾವಗೆಪ್ಪ ಗೋಡೆ ಕೆಡವಿಸಿದ.

"ಗಿಡಕ್ಕ ಬಿಸಿಲು ಬೇಕಲ್ಲ ಅಣ್ಣಾ. ನೀನ ಕಲಿಸೀದಿ."

18 ಜೂನ್ 1950, ಮುಂಜಾನೆ

ಹಾವಗೆಪ್ಪ ಬುಟ್ಟಿ ತುಂಬ ನಿಂಬೆಹಣ್ಣು ಕಳಿಸಿದ್ದಾನೆ. ಹೆಂಡತಿ ಗುರಮ್ಮ ಒಂದನ್ನು ಕೊಯ್ಯಲು ಈಳಿಗೆಮಣೆ ಹಾಕಿದಳು.

"ಇಡು ಕೆಳಗ."

"ಯಾಕ್ರಿ, ಹುಳ ಅದೇನು?"

ಹುಳವಿಲ್ಲ. ತೆಳು ಸಿಪ್ಪೆ, ತುಂಬು ರಸ. ಒಂದು ವರ್ಷದ ಬಿಸಿಲು. ಬುಟ್ಟಿಯ ಬಾಯಿಗೆ ಬಟ್ಟೆ ಕಟ್ಟಿದ್ದೇನೆ. ಔರಾದಿನ ಬಸ್ಸು ಬರುವ ಹೊತ್ತು. ಹಾವಗೆಪ್ಪ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದಾನೆ, "ನನ್ನ ಹಣ್ಣು ಎಲ್ಲಿಗ್ ಒಯ್ತೀದಿ?"

ನಿನ್ನವಲ್ಲ ಅಂದೆ. ಇವು ಕುಲಸುಮಬೀ ಗಿಡದ ಹಣ್ಣು.