ತೊಂಬತ್ತಕ್ಕೆ ಮಾತಿಲ್ಲ

ಮನೆಯಿಂದ, ಅಡುಗೆಕಟ್ಟೆಯ ಮೇಲೆ ಕಾಗದ ಹರಡಿಕೊಂಡು
ಜೂನ್ ೧೪, ಶುಕ್ರವಾರ ಸಂಜೆ

ಪ್ರೀತಿಯ ಅಪ್ಪಾ,

ಬೆನ್ನುನೋವು ಹೇಗಿದೆ? ಅಲ್ಲಿನ ಹೊಸ ಕಟ್ಟಡದ ಬಾಗಿಲುಗಳನ್ನೆಲ್ಲ ಒಬ್ಬನೇ ಎತ್ತಬೇಡ. ಇದು ಅಮ್ಮನ ಮಾತು, ನನ್ನ ಹೆಗಲ ಮೇಲಿಂದ ಬಗ್ಗಿ ಬರೆಸುತ್ತಿದ್ದಾಳೆ. ನಾವು ಕ್ಷೇಮ. ಬರೀ ಕ್ಷೇಮವೇನು ಬಂತು, ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ!

ಕಿಟಕಿ ಚೌಕಟ್ಟಿನ ಕಾರ್ಖಾನೆಯವರು ಕೆಲಸದ ಪರೀಕ್ಷೆಗೆ ಕರೆದಿದ್ದಾರೆ ಅಂತ ಬರೆದಿದ್ದೆನಲ್ಲ, ಇವತ್ತು ಹೋಗಿದ್ದೆ. ಯಜಮಾನಿ ನನ್ನನ್ನು ಕಂಪ್ಯೂಟರ್ ಮುಂದೆ ಕೂರಿಸಿದರು. ಮೂಲೆಯ ಡಿಗ್ರಿ ಕೊಟ್ಟರೆ ಅದು ಯಾವ ಕೋನ ಅಂತ ಹೇಳುವ ಪುಟ್ಟ ಫಂಕ್ಷನ್, ಅಂದರೆ ಕಂಪ್ಯೂಟರಿಗೆ ಕೊಡುವ ಸೂಚನೆಯ ನಾಲ್ಕು ಸಾಲು, ಬರೆಯಬೇಕು, ನಾನೇ ಪರೀಕ್ಷಿಸಿ ತೋರಿಸಬೇಕು, ಸರಿಯಿದ್ದರೆ ಕೆಲಸ. ನೀರು ಕುಡಿದಷ್ಟು ಸುಲಭ ಅಂದುಕೊಂಡೆ. ತೊಂಬತ್ತಕ್ಕಿಂತ ಕಡಿಮೆಯಾದರೆ ಲಘುಕೋನ, ಅದು ದಾಟಿ ನೂರೆಂಬತ್ತರೊಳಗಿದ್ದರೆ ವಿಶಾಲಕೋನ, ಸರಿಯಾಗಿ ನೂರೆಂಬತ್ತಾದರೆ ಸರಳಕೋನ. ನಲವತ್ತು ಒತ್ತಿದೆ, ಥಟ್ಟನೆ 'ಲಘು' ಅಂತು. ನೂರಿಪ್ಪತ್ತಕ್ಕೆ 'ವಿಶಾಲ'. ನಾನು ಉಬ್ಬಿಹೋದೆ. ಅಷ್ಟರಲ್ಲಿ ಯಜಮಾನಿ ಬಂದು ತೊಂಬತ್ತು ಒತ್ತಿದರು. ಪರದೆ ಖಾಲಿ! ಹಾಂ ಇಲ್ಲ, ಹೂಂ ಇಲ್ಲ. "ಕಿಟಕಿ ಮಾಡೋರ ಹತ್ರ ಬಂದು ಲಂಬಕೋನಾನೇ ಮರೆತ್ಯಲ್ಲಮ್ಮಾ!" ಅಂತ ನಕ್ಕರು. ಮುಖ ಎಲ್ಲಿಡಲಿ ಅನ್ನಿಸಿತು. ಬಡಗಿಯ ಮಗಳು ತೊಂಬತ್ತನ್ನು ಮರೆಯುವುದೇ! ದೀಪದ ಬುಡದಲ್ಲೇ ಕತ್ತಲು ಅನ್ನುವುದು ಇದಕ್ಕೇ.

ಆಮೇಲೆ ಹೊಳೆಯಿತು, ತಪ್ಪು ನಿನ್ನದೇ ಅಪ್ಪಾ! ಮೂಲೆ ತೊಂಬತ್ತಿದೆಯಾ ಅಂತ ನೋಡಲು ನೀನು ಚೌಕಟ್ಟಿಗೆ ಮೂಲೆಮಟ್ಟ ಇಟ್ಟಾಗ ಸಂದಿಯಲ್ಲಿ ಬೆಳಕು ನುಸುಳಿದರೆ "ಒಳಗೆ ಬಿತ್ತು", "ಹೊರಗೆ ಹೋಯ್ತು" ಅಂತ ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದೆ. ಸರಿಯಿದ್ದರೆ ಮಾತೇ ಇಲ್ಲ, ಸುಮ್ಮನೆ ಮುಂದಿನ ಮೂಲೆಗೆ ಹೋಗುತ್ತಿದ್ದೆ. ಸರಿಯಾಗಿದ್ದಕ್ಕೂ ಒಂದು ಹೆಸರು ಹೇಳಬೇಕು ಅಂತ ನನಗೆ ಹೊಳೆಯುವುದಾದರೂ ಹೇಗೆ? ಯಜಮಾನಿಗೆ ಇದನ್ನೇ ಹೇಳಿದೆ, ಅವರು ಹೊಟ್ಟೆ ಹಿಡಿದುಕೊಂಡು ನಕ್ಕು ಇನ್ನೊಂದು ಅವಕಾಶ ಕೊಟ್ಟರು. ತೊಂಬತ್ತಕ್ಕೆ ಅಂತಲೇ ಒಂದು ಸಾಲು ಸೇರಿಸಿ, ಎಂಬತ್ತೊಂಬತ್ತು, ತೊಂಬತ್ತು, ತೊಂಬತ್ತೊಂದು ಮೂರನ್ನೂ ಒತ್ತಿ ತೋರಿಸಿದೆ. ಮೂರಕ್ಕೂ ಸರಿಯಾದ ಉತ್ತರ ಬಂತು ಅಪ್ಪಾ! "ಅಂಚಲ್ಲಿ ನಿಂತು ನೋಡೋದು ಕಲಿತೆ, ಸೋಮವಾರ ಬಂದ್ಬಿಡು" ಅಂದರು. ದಾರಿಯುದ್ದಕ್ಕೂ ಓಡಿಕೊಂಡೇ ಮನೆಗೆ ಬಂದೆ.

ಬೆನ್ನಿಗೆ ಎಣ್ಣೆ ಹಚ್ಚಿಸಿಕೋ. ಅಮ್ಮನ ಬೈಗುಳ, ನನ್ನ ನಮಸ್ಕಾರ ಎರಡನ್ನೂ ಸ್ವೀಕರಿಸು.

ನಿನ್ನ ಮುದ್ದಿನ
ಚಿಲಕ

ತಾ.ಕ.: ಉತ್ತರದಲ್ಲಿ ಹವೆ, ಊಟ, ಕೆಲಸ ಅಂತ ಬರೆದು ಮುಂದಿನ ಮೂಲೆಗೆ ಹೋಗಿಬಿಡಬೇಡ. ನಿನ್ನ ಮಗಳು ಈ ಸಲ ಸರಿಯಾಗಿ ಮಾಡಿದ್ದಾಳೆ. ಅಷ್ಟನ್ನು ಒಂದೇ ಒಂದು ಸಲ ಬಾಯಿಬಿಟ್ಟು ಹೇಳು ಅಪ್ಪಾ.