ಅಂಟು ಹಾಕದ ಬ್ರಶ್

ನವೆಂಬರ್ 3, ಬೆಳಿಗ್ಗೆ
ಮತ್ತೆ ಎರಡು ಸುತ್ತು ಟೇಪ್. ನಲ್ಲಿಗೆ ಸುತ್ತುವ ಬಿಳಿ ಟೇಪನ್ನೇ ಶೇವಿಂಗ್ ಬ್ರಶ್ಶಿನ ಕೂದಲ ಕುಚ್ಚಿನ ಬುಡಕ್ಕೆ ಸುತ್ತಿ, ಹಿಡಿಕೆಯ ಗುಳಿಯೊಳಗೆ ಒತ್ತಿದೆ. ಎಷ್ಟು ಆಳ ಕೂರಬೇಕೆಂದು ಅವನು ಒಪ್ಪುವವರೆಗೆ ಅಂಟಿಲ್ಲ, ಟೇಪಿನ ಬಿಗಿ ಅಷ್ಟೇ. ನೊರೆ ಮಾಡಿ ಗೆರ್ನೋಟನಿಗೆ ಶೇವ್ ಮಾಡಿದೆ. ಕನ್ನಡಿ ನೋಡದೆಯೇ ತೀರ್ಪು — "ಮೆತ್ತಗಾಯ್ತು. ಇನ್ನೊಂಚೂರು ಒಳಗೆ ಕೂರ್ಬೇಕು."

ನಲವತ್ತು ವರ್ಷ ಊರಿನ ಬ್ರಶ್ ಕಾರ್ಖಾನೆಯಲ್ಲಿ ಕುಚ್ಚು ಕಟ್ಟಿದವನು ನನ್ನ ಗಂಡ. ಈಗ ಕೈ ನಡುಗುತ್ತದೆ. ಹಾಗಾಗಿ ಕೆಲಸ ನನ್ನದು, ಗೊಣಗಾಟ ಅವನದು.

ವೃದ್ಧರ ಆರೈಕೆ ಮನೆಯವರು ಹದಿನಾಲ್ಕನೇ ತಾರೀಖಿನಿಂದ ಮೂರು ವಾರಕ್ಕೆ ಅವನಿಗೊಂದು ಹಾಸಿಗೆ ಕೊಡುತ್ತಾರಂತೆ. ಅವನು ಅಲ್ಲಿ, ನಾನು ಬಾಲ್ಟಿಕ್ ದಡದಲ್ಲಿ ಅಕ್ಕ ಹೈಡ್ರುನ್ ಮನೆಯಲ್ಲಿ. ನಾಲ್ಕು ವರ್ಷದಿಂದ ಒಂದು ರಾತ್ರಿಯೂ ಈ ಮನೆ ಬಿಟ್ಟಿಲ್ಲ. ಅವನದು ಒಂದೇ ಮಾತು: ಬ್ರಶ್ ಮುಗಿಯಲಿ, ಆಮೇಲೆ ಹೋಗುತ್ತೇನೆ. ಅರ್ಧಂಬರ್ಧದ್ದನ್ನು ಹಿಡಿದು ಅಲ್ಲಿಗೆ ಹೋಗಲು ನಾಚಿಕೆಯಂತೆ.

ನ. 4
ಒಳಗೆ ಕೂರಿಸಿದೆ. ಈಗ ಗಡುಸಂತೆ.

ನ. 8
ಬರೆಯಲು ಏನಿದೆ... ಟೇಪ್, ನೊರೆ, ಆಲೂಗಡ್ಡೆ, ಒದ್ದೆ ಹಾಸಿಗೆ. ಹೈಡ್ರುನ್ ಫೋನ್ ಮಾಡಿ ಟ್ರೇನ್ ಟಿಕೆಟ್ ಕೊಂಡೆಯಾ ಎಂದಳು. ಹೂಂ ಎಂದು ಸುಳ್ಳು ಹೇಳಿದೆ. ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತೆ. ಹೊರಗಿನಿಂದ ಅವನ ದನಿ, ಟವೆಲ್ ಎಲ್ಲಿ ಅಂತ.

ನ. 10, ಊಟಕ್ಕೆ ಮುಂಚೆ
ಇವತ್ತು ಹೊಳೆಯಿತು. ಒದ್ದೆ ಕುಚ್ಚಿಗೆ ಅಂಟು ನಿಲ್ಲುವುದಿಲ್ಲ, ಎರಡು ದಿನವಾದರೂ ಒಣಗಬೇಕು. ದಿನಾ ಬೆಳಿಗ್ಗೆ ಅದನ್ನು ನೀರಿಗೆ ಅದ್ದಿಸುವವನಿಗೆ ಇದು ಗೊತ್ತಿಲ್ಲವೇ? ಕಾರ್ಖಾನೆಗೆ ಸೇರಿದವರಿಗೆ ಇವನೇ ಕಲಿಸುತ್ತಿದ್ದ ಮೊದಲ ಪಾಠ. ನಾನೊಬ್ಬಳು ಪೆದ್ದಿ.

ಹೋಗಬಾರದೆಂದು ಬೇಕಂತಲೇ ಎಳೆಯುತ್ತಿದ್ದೀಯಾ ಎಂದು ಕೇಳಿಯೇ ಬಿಟ್ಟೆ. ಕಿಟಕಿಯಾಚೆ ಪಕ್ಕದ ಮನೆ ಕಡೆ ಕೈ ತೋರಿಸಿದ.

"ಮೂರೇ ವಾರ ಅಂತಾರೆ, ಟ್ರೌಡಲ್. ಪಕ್ಕದ್ಮನೆ ವಿನ್‌ಫ್ರೀಡ್‌ಗೂ ಹಾಗೇ ಅಂದಿದ್ರು. ವಾಪಸ್ ಬಂದ್ನಾ?"

ಅಯ್ಯೋ ಅನ್ನಿಸಿತು. ಕೋಪವೂ ಬಂತು. ಕೋಪವೇ ಜಾಸ್ತಿ.

ನ. 11
ಟೇಪ್ ಬಿಚ್ಚಿ, ಕುಚ್ಚನ್ನು ಹೀಟರ್ ಪಕ್ಕ ತಲೆಕೆಳಗಾಗಿ ನೇತುಹಾಕಿದೆ. ಶೇವ್‌ಗೆ ಡಬ್ಬಿಯ ನೊರೆ. ಕೆನ್ನೆ ಕೊಟ್ಟ. ಮಧ್ಯಾಹ್ನ ಟಿಕೆಟ್ ಕೊಂಡೆ.

ನ. 14, ಬೆಳಿಗ್ಗೆ 9:05
ಕುಚ್ಚು ಒಣಗಿದೆ. ಎಷ್ಟು ಒಳಗೆ ಕೂರಿಸಲಿ ಎಂದು ಕೇಳಿದರೆ, ಮೊದಲಿದ್ದ ಹಾಗೇ ಇರಲಿ ಅನ್ನುತ್ತಾನೆ ಮಹಾರಾಯ. ಅಂಟು ಕಲಸಿ ಹಾಕಿದೆ. ತಾನೇ ಹಿಡಿಯುತ್ತೇನೆಂದ. ಮೊಣಕೈ ಎರಡನ್ನೂ ಮೇಜಿಗೆ ಊರಿ, ಉಸಿರು ಬಿಗಿಹಿಡಿದು ಒತ್ತುತ್ತಿದ್ದಾನೆ.

"ಹತ್ತು ನಿಮಿಷ. ನಂಗೆ ಗಡಿಯಾರ ಕಾಣಲ್ಲ. ಆಯ್ತು ಅಂತ ನೀನೇ ಹೇಳ್ಬೇಕು."

9:31
ವ್ಯಾನ್ ಬಂದಿದೆ. ಡ್ರೈವರ್ ಅವನ ಚೀಲ ಒಯ್ದಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದಾನೆ. ನನ್ನ ಟ್ರೇನ್ ಹತ್ತೂವರೆಗೆ. ಗೆರ್ನೋಟ್ ಇನ್ನೂ ಒತ್ತಿ ಹಿಡಿದೇ ಇದ್ದಾನೆ, ಮುಖ ನನ್ನ ಕಡೆ. ಅಂಟು ಯಾವಾಗಲೋ ಕಲ್ಲಾಗಿದೆ. ಅವನಿಗೂ ಗೊತ್ತು. ನಾನು ಹೇಳಬೇಕಾದ್ದು ಒಂದೇ ಒಂದು ಮಾತು, ಆಯ್ತು ಅಂತ. ಪೆನ್ನು ಕೆಳಗಿಟ್ಟು ಈಗ ಹೇಳಿಯೇ ಬಿಡುತ್ತೇನೆ.