ಗೇಟಿನ ಮುಂದಿನ ಅರ್ಧ ಗಂಟೆ

ಮನೆಯಿಂದ,
ಮಾರ್ಚ್ 11, ಭಾನುವಾರ

ಪ್ರೀತಿಯ ಅತ್ತೆಯವರಿಗೆ ನಿಮ್ಮ ಸೊಸೆಯ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಶೀಸೆಯನ್ನು ಗೂಡಿನಲ್ಲಿಟ್ಟು ನೋಡುತ್ತಿದ್ದೀರೋ? ನಾವು ಮೂವರೂ ಚೆನ್ನಾಗಿದ್ದೇವೆ. ನಿಮ್ಮ ಮೊಮ್ಮಗಳು ಬುಗುರಿಗೆ ಐದು ತುಂಬಿದ್ದೇ ತಡ, ಅರಳು ಹುರಿದ ಹಾಗೆ ಮಾತು. ಬರುವ ಭಾನುವಾರ ಬಂದು ಅವಳನ್ನು ಕರೆದುಕೊಂಡು ಹೋಗುತ್ತೇನೆ, ರೈಲಿನಲ್ಲಿ ಅವಳಿಗೆ ಅರ್ಧ ಟಿಕೆಟ್ ತೆಗೆದರಾಯಿತು ಎಂದು ಬರೆದಿದ್ದೀರಿ. ಶಾಲೆಗೆ ಸೇರಿಸುವ ತನಕ ಮಗು ನಿಮ್ಮ ಬಳಿಯೇ ಇರಲಿ ಎಂದಾಗ ನಾವಿಬ್ಬರೂ ಹೂಂ ಅಂದದ್ದು ನಿಜ. ಅದಿರಲಿ, ಮೊದಲು ಈ ವಾರದ ಕಥೆ ಕೇಳಿ.

ನಮ್ಮ ಪಾಡು ನಿಮಗೆ ಗೊತ್ತೇ ಇದೆ. ಇಬ್ಬರದೂ ಒಂದೇ ಲಾಂಡ್ರಿ, ಆಸ್ಪತ್ರೆಗಳ ಹಾಸುಬಟ್ಟೆ ಒಗೆದು ಇಸ್ತ್ರಿ ಮಾಡುವ ಕೆಲಸ. ನನ್ನ ಪಾಳಿ ಮಧ್ಯಾಹ್ನ ಎರಡಕ್ಕೆ ಮುಗಿಯುತ್ತದೆ, ನಿಮ್ಮ ಮಗನದು ಎರಡಕ್ಕೇ ಶುರು. ಒಂದು ನಿಮಿಷ ತಡವಾದರೂ ಅರ್ಧ ದಿನದ ಕೂಲಿಗೆ ಕತ್ತರಿ. ಹಾಗಾಗಿ ಅವರು ಗೇಟಿನೊಳಗೆ ನುಗ್ಗುವಾಗಲೇ ನಾನು ಹೊರಗೆ ಬಂದು ಮಗುವನ್ನು ಎತ್ತಿಕೊಳ್ಳಬೇಕು. ಮನೆಗಿರುವುದು ಒಂದೇ ಬೀಗದಕೈ. ದಾರಕ್ಕೆ ಕಟ್ಟಿದ ಆ ಬೀಗದಕೈ ಯಾರ ಕೊರಳಲ್ಲಿದೆಯೋ ಮಗುವಿನ ಜವಾಬ್ದಾರಿ ಅವರದು.

ಮಂಗಳವಾರ ನಿಮ್ಮ ಮಗರಾಯರು ಏದುಸಿರು ಬಿಡುತ್ತಾ ಬಂದು, ಬೀಗದಕೈಯನ್ನು ನನ್ನ ಕೊರಳಿಗೆ ಹಾಕಿ, "ಊಟ ಆಗಿದೆ, ಈಗಷ್ಟೇ ಮಲಗಿದ್ಲು" ಅಂದು, ಹೆಗಲ ಮೇಲೆ ಮಲಗಿದ್ದ ಮಗುವಿನ ಸಮೇತ ಒಳಗೆ ಹೋಗಿಬಿಟ್ಟರು. ನಗಬೇಡಿ, ನಾನೇನು ಕಡಿಮೆಯಲ್ಲ. ಬೆಳಗಿನಿಂದ ನಿಂತು ಕಾಲು ಸೋತಿದ್ದವು, ಬುದ್ಧಿಯೂ ಸೋತಿತ್ತೇನೋ. ಮನೆಯ ತನಕ ನಡೆದು ಬಾಗಿಲು ತೆಗೆದ ಮೇಲೆಯೇ ಕೈ ಖಾಲಿ ಎಂದು ಗೊತ್ತಾಗಿದ್ದು. ಎದ್ದೆನೋ ಬಿದ್ದೆನೋ ಎಂದು ಲಾಂಡ್ರಿಗೆ ಓಡಿದೆ. ಅಲ್ಲಿ ಮಡಿಚಿಟ್ಟ ಹಾಸುಬಟ್ಟೆಯ ರಾಶಿಯ ಮೇಲೆ ಮಹಾರಾಣಿ ಕೂತಿದ್ದಾಳೆ, ಅಪ್ಪ ತಲೆ ತಗ್ಗಿಸಿ ನಿಂತಿದ್ದಾರೆ. ಮೇಲ್ವಿಚಾರಕಿ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಇವಳಿಗೂ ಒಂದು ಹಾಜರಿ ಕಾರ್ಡು ಮಾಡಿಸ್ಲಾ?" ಎಂದರು. ಎಲ್ಲರೂ ನಕ್ಕರು. ಕೆಲಸ ಹೋಯಿತು ಎಂದುಕೊಂಡ ನಾನು ಅಲ್ಲೇ ಅತ್ತುಬಿಟ್ಟೆ.

ಮೇಲ್ವಿಚಾರಕಿ ಗದರಿದ್ದೇನೋ ಗದರಿದರು. ಆದರೆ ಮಾರನೆಯ ದಿನ ತಾವೇ ಕರೆದು, ನಿಮ್ಮ ಮಗನ ಪಾಳಿ ಎರಡೂವರೆಗೆ ಶುರುವಾಗಿ ಅರ್ಧ ಗಂಟೆ ತಡವಾಗಿ ಮುಗಿಯುವಂತೆ ಮಾಡಿಕೊಟ್ಟರು. ತಮ್ಮ ಇಬ್ಬರು ಮಕ್ಕಳನ್ನೂ ಹೀಗೇ ಓಡಾಡಿ ಬೆಳೆಸಿದವರಂತೆ. ಈಗ ದಿನಾ ಅರ್ಧ ಗಂಟೆ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಮೂವರೂ ಒಟ್ಟಿಗೆ ಕೂತು ಊಟ ಮಾಡುತ್ತೇವೆ. ನಡುವೆ ಬುಗುರಿ. ಕೂರುವ ಮೊದಲು ನಮ್ಮಿಬ್ಬರ ಚಪ್ಪಲಿಯನ್ನೂ ಬಿಚ್ಚಿಸಿ ತನ್ನ ಬೆನ್ನ ಹಿಂದೆ ಅಡಗಿಸಿಡುತ್ತಾಳೆ, ಯಾರೂ ಎದ್ದು ಹೋಗಬಾರದಂತೆ. ಸುಸ್ತು ಇದ್ದೇ ಇದೆ ಅತ್ತೆ, ಆದರೂ ಮನಸ್ಸಿಗೆ ಹಾಯಾಗಿದೆ.

ಅಕ್ಕಪಕ್ಕದವರಿಗೆ ನನ್ನ ನೆನಪು ಹೇಳಿ. ಎಣ್ಣೆ ಮರೆಯಬೇಡಿ. ನಮ್ಮನ್ನು ಹರಸುತ್ತಿರಿ.

ನಿಮ್ಮ ಸೊಸೆ

ತಾ.ಕ.: ಇಷ್ಟುದ್ದ ಬರೆದರೂ ಮುಖ್ಯ ಮಾತು ಹೇಳಲು ಧೈರ್ಯ ಬರಲಿಲ್ಲ, ಕೋಪ ಮಾಡಿಕೊಳ್ಳಬೇಡಿ. ನಿಮ್ಮ ಮಗನ ಮನಸ್ಸಿನಲ್ಲೂ ಇದೇ ಇದೆ, ನಿಮ್ಮೆದುರು ಬಾಯಿ ಬರುವುದಿಲ್ಲ ಅಷ್ಟೇ. ಭಾನುವಾರ ಖಂಡಿತ ಬನ್ನಿ. ನಾಲ್ಕು ದಿನ ಇದ್ದು ಆ ಬೆಂಚಿನ ಮೇಲೆ ನಮ್ಮ ಜೊತೆ ಊಟ ಮಾಡಿ, ನಿಮ್ಮ ಚಪ್ಪಲಿಯೂ ಅವಳ ವಶವಾಗಲಿ. ಹಿಂದಿರುಗುವಾಗ ಮಾತ್ರ ಆ ಅರ್ಧ ಟಿಕೆಟ್ ತೆಗೆಯಬೇಡಿ.